ಕ್ರೀಟ್ ದ್ವೀಪ: 9 ರಾತ್ರಿ, ಬಾಡಿಗೆ ಕಾರು, ಗದ್ದಲ ಇಲ್ಲದ ಬೀಚು, ಹಳ್ಳಿ, ಸ್ವಲ್ಪ ಬೆಟ್ಟ. ನಮ್ ಪ್ಲಾನ್ ನೋಡಿ ಬಯ್ಯಿರಿ

ಅರ್ಧಕ್ಲಚ್:

ಎಲ್ರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೇ ವಾರದಲ್ಲಿ ಗ್ರೀಸಿನ ಕ್ರೀಟ್‌ಗೆ ಹೊರಟಿದೀವಿ. ನಾನು, ಹೆಂಡ್ತಿ, 11 ವರ್ಷದ ಮಗಳು, ಜೊತೆಗೆ ನಮ್ಮತ್ತೆ. ಅವ್ರಿಗೆ 66, ಮಂಡಿ ಸ್ವಲ್ಪ ತಕರಾರು, ಇಳಿಜಾರು ಕಂಡ್ರೆ ಆಗಲ್ಲ ಆದ್ರೆ ಸಮ ನೆಲದಲ್ಲಿ ನಮ್ಮೆಲ್ರಿಗಿಂತ ಮುಂದೆ ಹೋಗಿರ್ತಾರೆ, ಶುದ್ಧ ಸಸ್ಯಾಹಾರಿ ಬೇರೆ. ಸಾಂತೊರಿನಿ ಬೇಡ, ಜನಜಂಗುಳಿ ಬೇಡ ಅನ್ನೋದೊಂದೇ ವಿಷ್ಯದಲ್ಲಿ ಮನೇಲಿ ಎಲ್ರೂ ಒಪ್ಪಿರೋದು.

ಪ್ಲಾನ್ ಹೀಗಿದೆ: ಇರಾಕ್ಲಿಯೋದಲ್ಲಿ ಇಳಿದು ಕ್ನೋಸೋಸ್ ಅರಮನೆ, ಮಾರನೇ ದಿನ ಪೂರ್ವಕ್ಕೆ ಸಿತಿಯಾ, ವಾಯ್ ಬೀಚು, ಝಾಕ್ರೋಸ್, ಅಲ್ಲಿಂದ ದಕ್ಷಿಣ ದಂಡೆ ಹಿಡ್ಕೊಂಡು ಮಾತಲಾ, ಪ್ಲಾಕಿಯಾಸ್, ಸ್ಫಾಕಿಯಾ, ಸೂಯಾ, ಆಮೇಲೆ ಪಶ್ಚಿಮದಲ್ಲಿ ಎಲಫೊನೀಸಿ, ಬಾಲೋಸ್, ನಡುವೆ ಒಂದಿನ ಸಮರಿಯಾ ಕಣಿವೆ ಟ್ರೆಕ್, ಕೊನೇಗೆ ಹಾನ್ಯಾದಿಂದ ವಾಪಸ್. ಆರು ಹೋಟ್ಲು. ಮ್ಯಾಪಲ್ಲಿ ನೋಡಿದ್ರೆ ದಿನಕ್ಕೆ 100-120 ಕಿಮೀ ಅಷ್ಟೇ ಬರುತ್ತೆ, ಅದೇನ್ ಮಹಾ ಅನ್ಸ್ತು. ಸಣ್ಣ ಕಾರು ಸಾಕಾ ಇಲ್ಲ ಫೋರ್ ವೀಲ್ ಡ್ರೈವ್ ಬೇಕಾ? ರಸ್ತೆ ಬಲಗಡೆ ಓಡ್ಸಿ ಅಭ್ಯಾಸ ಇಲ್ಲ, ಅದೊಂದು ಭಯ. ನಿಜವಾಗ್ಲೂ ಶಾಂತವಾಗಿರೋ ಬೀಚ್ ಯಾವ್ದು ಅಂತ ಹೋಗ್ ಬಂದೋರು ಹೇಳಿ ಪ್ಲೀಸ್.

ಬಿಸಿಲುಮಳೆ:

ಗುರು, ಬಯ್ಯಿರಿ ಅಂತ ನೀವೇ ಕೇಳಿದೀರ ಅದಕ್ಕೆ ಬಯ್ತೀನಿ. ದ್ವೀಪ ಉದ್ದಕ್ಕೆ ಸುಮಾರು 260 ಕಿಮೀ ಇದೆ, ದ್ವೀಪ ಅಂದ ತಕ್ಷಣ ಒಂದ್ ಸುತ್ತು ಹೊಡ್ಕೊಂಡ್ ಬರೋಣ ಅನ್ಸುತ್ತೆ, ನಮಗೂ ಹಂಗೇ ಅನ್ಸಿತ್ತು, ಮೊದಲ್ನೇ ಸಲ ಹೋದಾಗ ಕ್ರೀಟ್ ನೋಡಿದ್ದಕ್ಕಿಂತ ಸ್ಟೇರಿಂಗ್ ನೋಡಿದ್ದೇ ಜಾಸ್ತಿ.

ನಿಮ್ ಪ್ಲಾನಲ್ಲಿ ದೊಡ್ಡ ತಪ್ಪು "ದಕ್ಷಿಣ ದಂಡೆ ಹಿಡ್ಕೊಂಡು" ಅನ್ನೋದು. ಹಿಡ್ಕೊಳ್ಳೋಕೆ ಅಲ್ಲಿ ರಸ್ತೇನೇ ಇಲ್ಲ! ಕ್ರೀಟಿನ ರಸ್ತೆಗಳು ಬಾಚಣಿಗೆ ಥರ. ಉತ್ತರದ ದಂಡೆ ಉದ್ದಕ್ಕೂ ಒಂದು ಹೆದ್ದಾರಿ, ಅದು ಬಾಚಣಿಗೆ ಬೆನ್ನು. ಅದ್ರಿಂದ ಒಂದೊಂದೇ ಹಲ್ಲು ಬೆಟ್ಟ ದಾಟಿ ದಕ್ಷಿಣಕ್ಕೆ ಇಳಿಯುತ್ತೆ. ಪಶ್ಚಿಮದಲ್ಲಂತೂ ಲೆಫ್ಕಾ ಓರಿ ಅಂದ್ರೆ ಬಿಳಿ ಬೆಟ್ಟಗಳು ಸೀದಾ ಸಮುದ್ರಕ್ಕೇ ಇಳಿದಿವೆ, ಸೂಯಾದಿಂದ ಸ್ಫಾಕಿಯಾಗೆ ದಂಡೇಲಿ ಕಾರ್ ಹೋಗೋ ದಾರಿ ಇಲ್ಲ. ದೋಣೀಲಿ ಪಕ್ಕದ ಊರು, ಕಾರಲ್ಲಾದ್ರೆ ಬೆಟ್ಟ ಹತ್ತಿ ಹಾನ್ಯಾ ಹತ್ರ ಬಂದು ಮತ್ತೊಂದು ಹಲ್ಲಲ್ಲಿ ಇಳೀಬೇಕು, ಅರ್ಧ ದಿನ ಅಲ್ಲೇ ಖಲಾಸ್. ಹಾನ್ಯಾದಿಂದ ಹೋರಾ ಸ್ಫಾಕಿಯೋನ್ (ಸ್ಫಾಕಿಯಾ ಸೀಮೆಯ ಮುಖ್ಯ ಊರು) 70 ಕಿಮೀ ಚಿಲ್ಲರೆ, ಒಂದೂವರೆ ಗಂಟೆ ಇಟ್ಕೊಳ್ಳಿ, ಕೊನೇಗೆ ಹೇರ್‌ಪಿನ್ ತಿರುವು ಒಂದರ ಕೆಳಗೊಂದು, ಕೆಳಗೆ ಲಿಬಿಯನ್ ಸಮುದ್ರ ನೀಲಿ ಅಂದ್ರೆ ನೀಲಿ, ಡ್ರೈವರ್ ಆದೋನು ಮಾತ್ರ ನೋಡಂಗಿಲ್ಲ.

ಅದಕ್ಕೇ ಆರು ಹೋಟ್ಲು ಬಿಟ್ಟಾಕಿ, ಬಾಚಣಿಗೆಯ ಎರಡು ಹಲ್ಲು ಆರಿಸ್ಕೊಳ್ಳಿ, ಅಷ್ಟೇ. ಇಳಿಯೋದೂ ಹತ್ತೋದೂ ಹಾನ್ಯಾ ಏರ್‌ಪೋರ್ಟ್ ಆದ್ರೆ ಇನ್ನೂ ಒಳ್ಳೇದು, ಆಗ್ಲಿಲ್ಲ ಅಂದ್ರೆ ಇರಾಕ್ಲಿಯೋದಲ್ಲಿ ಇಳಿದ ದಿನ ಒಂದ್ ರಾತ್ರಿ ಅಲ್ಲೇ ಇದ್ದು ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಕ್ನೋಸೋಸ್ ಮುಗ್ಸಿ ಪಶ್ಚಿಮಕ್ಕೆ ಹೊರಡಿ, ಹಾನ್ಯಾ ಅಲ್ಲಿಂದ ಸುಮಾರು 140 ಕಿಮೀ.

ಕಾರ್ ವಿಷ್ಯ. ಸಣ್ಣದೇ ಸಾಕು, ಸಣ್ಣದೇ ಬೇಕು. ಹಳ್ಳಿ ಒಳಗೆ ಎರಡು ಮನೆ ಗೋಡೆ ಮಧ್ಯೆ ಕನ್ನಡಿ ಮಡಚ್ಕೊಂಡು ಹೋಗೋ ಜಾಗಗಳಿವೆ. ಅಲ್ಲಿ ಬಹುಪಾಲು ಗೇರ್ ಕಾರುಗಳೇ, ಆಟೋಮ್ಯಾಟಿಕ್ ಬೇಕಂದ್ರೆ ಈಗ್ಲೇ ಬುಕ್ ಮಾಡಿ (ನಿಮ್ ಹೆಸರು ನೋಡಿ ಹೇಳ್ತಿದೀನಿ, ಬೇಜಾರಾಗ್ಬೇಡಿ 😄). ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಂಡೇ ಹೋಗಿ. ಹೆದ್ದಾರೀಲಿ ಒಂದು ವಿಚಿತ್ರ ನೋಡ್ತೀರ, ಎಲ್ರೂ ಕಾರನ್ನ ಅರ್ಧ ರಸ್ತೆ ಅಂಚಿನ ಪಟ್ಟೀಲಿ ಓಡಿಸ್ತಿರ್ತಾರೆ, ಹಿಂದಿನವನು ಮಧ್ಯದಲ್ಲೇ ತೂರ್ಕೊಂಡು ಮುಂದೆ ಹೋಗ್ತಾನೆ. ಕಾನೂನಲ್ಲಿ ಅಂಥದ್ದಿಲ್ಲ, ಆದ್ರೆ ನೀವು ನಡುವಲ್ಲಿ ಗಟ್ಟಿಯಾಗಿ ಕೂತ್ರೆ ಬಾಲಕ್ಕೆ ಅಂಟ್ಕೊಂಡು ಬರ್ತಾರೆ. ಗಾಬರಿಯಾಗ್ದೆ ಎಲ್ಲಿ ಜಾಗ ಸಿಗುತ್ತೋ ಅಲ್ಲಿ ಬಲಕ್ಕೆ ಸರಿದು ಬಿಟ್ಕೊಡಿ, ಆದ್ರೆ ತಿರುವಲ್ಲಿ ಮಾತ್ರ ಅಂಚಿಗೆ ಹೋಗ್ಬೇಡಿ, ಅಲ್ಲಿ ಯಾರೋ ಸ್ಕೂಟರ್ ನಿಲ್ಸಿರ್ತಾನೆ.

ಬಾಲೋಸ್‌ಗೆ ಕಾರಲ್ಲಿ ಹೋಗ್ಬೇಡಿ. ಕೊನೇ ಸುಮಾರು ಎಂಟು ಕಿಮೀ ಕಲ್ಲುಮಣ್ಣಿನ ದಾರಿ. "ಫುಲ್ ಇನ್ಶೂರೆನ್ಸ್" ಅಂತ ಕೊಟ್ಟಿದ್ರೂ ಟೈರು ಮತ್ತೆ ಕಾರಿನ ಹೊಟ್ಟೆ ಭಾಗ ಸಾಮಾನ್ಯವಾಗಿ ಅದರಲ್ಲಿ ಬರಲ್ಲ, ಮಣ್ಣು ರಸ್ತೆ ಅಂದ್ರೆ ಏನೂ ಬರಲ್ಲ. ನಾನು ಬುದ್ಧಿವಂತಿಕೆ ಮಾಡಕ್ಕೆ ಹೋಗಿ ಟೈರಿನ ಪಕ್ಕೆ ಸೀಳ್ಕೊಂಡು, ಬಿಸಿಲಲ್ಲಿ ಎರಡು ಗಂಟೆ ಕೂತು, ಆಮೇಲೆ ಎರಡು ಟೈರಿನ ದುಡ್ಡು ಕೊಟ್ಟೆ. ಯಾಕೆ ಎರಡು ಅಂದ್ರೆ ಜೋಡಿಯಾಗೇ ಬದಲಾಯಿಸ್ಬೇಕಂತೆ. ಕಿಸ್ಸಾಮೋಸ್ ಬಂದರಿಂದ ದೋಣಿ ಹೋಗುತ್ತೆ, ಅದ್ರಲ್ಲಿ ಹೋಗಿ. ಇಲ್ಲಾ ಬಿಟ್ಟೇಬಿಡಿ, ನೀವು ಕೇಳಿದ "ಶಾಂತ" ಅಲ್ಲಿಲ್ಲ.

ಬೆಟ್ಟದಹುಚ್ಚ:

ಮೇಲಿನೋರು ಹೇಳಿದ್ದು ನೂರಕ್ಕೆ ನೂರು. ನಾನು ಬರೀ ನಡಿಗೆ ಬಗ್ಗೆ ಬರೀತೀನಿ.

ಸಮರಿಯಾ 16 ಕಿಮೀ, ಓಮಲೋಸ್ ಪ್ರಸ್ಥಭೂಮಿಯ ಕ್ಸಿಲೋಸ್ಕಾಲೊ ಅನ್ನೋ ಜಾಗದಲ್ಲಿ 1200 ಮೀಟರ್ ಮೇಲಿಂದ ಶುರು, ಮುಗಿಯೋದು ಸಮುದ್ರದ ಹತ್ರ ಅಯಿಯಾ ರೂಮೇಲಿ ಊರಲ್ಲಿ. ಎಲ್ಲಾ ಇಳಿಜಾರೇ ಅಲ್ವಾ ಸುಲಭ ಅಂತ ಹೋಗ್ತಾರೆ, ಆ ಇಳಿಜಾರೇ ಮಂಡಿ ತಿನ್ನೋದು. ಮೊದ್ಲ ಒಂದೆರಡು ಗಂಟೆ ಮೆಟ್ಲು ಮೆಟ್ಲು, ಆಮೇಲೆ ನದಿಪಾತ್ರದ ದುಂಡು ಕಲ್ಲು. ಐದರಿಂದ ಏಳು ಗಂಟೆ ಆಗುತ್ತೆ. ಅತ್ತೆಯವ್ರನ್ನ ದಯವಿಟ್ಟು ಕರ್ಕೊಂಡು ಹೋಗ್ಬೇಡಿ, ಮಧ್ಯದಲ್ಲಿ ಸಾಕು ಅಂದ್ರೆ ವಾಪಸ್ ಬರೋಕೆ ಮತ್ತೆ ಹತ್ತೋದೊಂದೇ ದಾರಿ.

ಕಾರ್ ಇಟ್ಕೊಂಡಿರೋರಿಗೆ ಇನ್ನೊಂದು ತಲೆನೋವು: ಕಾರು ಮೇಲೆ ನಿಲ್ಸಿರ್ತೀರ, ನೀವು ಕೆಳಗೆ, ಅಯಿಯಾ ರೂಮೇಲಿಗೆ ರಸ್ತೇನೇ ಇಲ್ಲ, ದೋಣಿ ಮಾತ್ರ. ಅದಕ್ಕೆ ಕಾರನ್ನ ಸೂಯಾದಲ್ಲೇ ಬಿಟ್ಟು, ಸೀಸನ್ನಲ್ಲಿ ಬೆಳಿಗ್ಗೆ ಓಮಲೋಸ್‌ಗೆ ಹೋಗೋ ಬಸ್ ಹತ್ತಿ, ಕಣಿವೆ ಇಳಿದು, ಸಂಜೆ ದೋಣೀಲಿ ಸೂಯಾಗೇ ವಾಪಸ್ ಬನ್ನಿ, ಕಾರು ಅಲ್ಲೇ ಇರುತ್ತೆ. ಬಸ್ಸು ದೋಣಿ ಟೈಮು ಹಿಂದಿನ ದಿನ ಊರಲ್ಲೇ ಕೇಳ್ಕೊಳ್ಳಿ, ಸಂಜೆ ದೋಣಿ ತಪ್ಪಿದ್ರೆ ರಾತ್ರಿ ಅಲ್ಲೇ. ಕಣಿವೆ ತೆರೆದಿರೋದು ಸಾಮಾನ್ಯವಾಗಿ ಮೇ ಇಂದ ಅಕ್ಟೋಬರ್ ಕೊನೇವರೆಗೆ, ಮಳೆ ಅಥವಾ ಜೋರು ಗಾಳಿ ಇದ್ರೆ ಅವತ್ತು ಬಾಗಿಲು ಹಾಕ್ತಾರೆ.

ಕಣಿವೆ ಒಳಗೆ ಸಮರಿಯಾ ಅಂತ ಖಾಲಿ ಹಳ್ಳಿ ಇದೆ, 1962ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡ್ದಾಗ ಜನಾನ ಎಬ್ಬಿಸಿದ್ದು. ಅಲ್ಲೇ ಊಟಕ್ಕೆ ಕೂತ್ರೆ ಕ್ರಿ-ಕ್ರಿ ಅನ್ನೋ ಕಾಡುಮೇಕೆ ಬಂದು ಬ್ಯಾಗು ಮೂಸುತ್ತೆ, ಮಗಳಿಗೆ ಅದೇ ದೊಡ್ಡ ಸಂಭ್ರಮ ಆಗುತ್ತೆ, ತಿನ್ನೋಕೆ ಮಾತ್ರ ಏನೂ ಕೊಡ್ಬೇಡಿ.

ಅತ್ತೆಯವ್ರೂ ಬರ್ಬೇಕು ಅಂದ್ರೆ ಉಲ್ಟಾ ಮಾಡಿ. ದೋಣೀಲಿ ಅಯಿಯಾ ರೂಮೇಲಿಗೆ ಹೋಗಿ ಕೆಳಗಿನಿಂದ ನಿಧಾನಕ್ಕೆ ಒಳಗೆ ನಡೀರಿ, "ಪೋರ್ತೆಸ್" ಅಂದ್ರೆ ಬಾಗಿಲು ಅನ್ನೋ ಜಾಗದವರೆಗೆ. ಅಲ್ಲಿ ಎರಡೂ ಕಡೆ ಬಂಡೆ ಸುಮಾರು 300 ಮೀಟರ್ ಎತ್ತರ, ಮಧ್ಯೆ ಮೂರು-ನಾಲ್ಕು ಮೀಟರ್ ಅಗಲ. ಫೋಟೋದಲ್ಲಿ ನೀವು ನೋಡಿರೋದು ಅದೇ ಜಾಗ. ಏರು ಇದೆ ಆದ್ರೆ ಸೌಮ್ಯ, ಕಲ್ಲು ಇದೆ, ಒಂದು ಕೋಲು ಇರ್ಲಿ, ಸಾಕು ಅನ್ಸಿದ ಕಡೆ ತಿರುಗಬಹುದು.

ಇಲ್ಲಾ ಸಮರಿಯಾ ಪೂರ್ತಿ ಬಿಟ್ಟು ಇಂಬ್ರೋಸ್ ಕಣಿವೆ ಮಾಡಿ, ನಾನಾಗಿದ್ರೆ ಮಕ್ಕಳ ಜೊತೆ ಅದನ್ನೇ ಮಾಡೋದು. 8 ಕಿಮೀ, ಒಂದ್ ಜಾಗದಲ್ಲಿ ಎರಡೂ ಕೈ ಚಾಚಿದ್ರೆ ಎರಡೂ ಗೋಡೆ ಸಿಗುವಷ್ಟು ಕಿರಿದು. ಕಾರ್ ಮೇಲೆ ಬಿಟ್ಟು ಇಳೀರಿ, ಕೆಳಗೆ ಕೊಮಿತಾದೆಸ್ ಊರಲ್ಲಿ ಪಿಕಪ್ಪು, ಟ್ಯಾಕ್ಸಿಯೋರು ಕಾಯ್ತಿರ್ತಾರೆ, ಮತ್ತೆ ಮೇಲೆ ಬಿಡ್ತಾರೆ. 1941ರಲ್ಲಿ ಜರ್ಮನ್ನರು ದ್ವೀಪ ಹಿಡಿದಾಗ ಮಿತ್ರಪಡೆ ಸೈನಿಕರು ಈ ಕಡೆಯಿಂದಾನೇ ಸ್ಫಾಕಿಯಾ ದಂಡೆಗೆ ಇಳಿದು ಹಡಗು ಹತ್ತಿ ಈಜಿಪ್ಟಿಗೆ ಹೋಗಿದ್ದು, ಎಲ್ರಿಗೂ ಹಡಗು ಸಿಗ್ಲಿಲ್ಲ, ಸಾವಿರಾರು ಜನ ಅಲ್ಲೇ ಸೆರೆ ಸಿಕ್ಕಿದ್ರು.

ಅರ್ಧಕ್ಲಚ್:

ಅಯ್ಯೋ ಬಾಚಣಿಗೆ ಉದಾಹರಣೆ ಓದಿ ಮ್ಯಾಪ್ ಮತ್ತೆ ತೆಗೆದು ನೋಡ್ದೆ, ನಿಜ ಗುರು, ಇಷ್ಟು ದಿನ ದೋಣಿ ಹೋಗೋ ಚುಕ್ಕಿ ಗೆರೇನ ರಸ್ತೆ ಅಂದ್ಕೊಂಡಿದ್ದೆ 🤦 ಹೆಂಡ್ತಿ ಪಕ್ಕದಲ್ಲೇ ಕೂತು ನಗ್ತಿದಾಳೆ. ಹಾಗಾದ್ರೆ ಪಶ್ಚಿಮ ಮಾತ್ರ ಅಂತ ಇಟ್ಕೊಂಡ್ರೆ ಎಲ್ಲಿ ಉಳ್ಕೊಳ್ಳೋದು? ಎಲಫೊನೀಸಿ ಬಿಡೋಕಾಗಲ್ಲ, ಮಗಳು ಗುಲಾಬಿ ಮರಳಿನ ಫೋಟೋ ಗೋಡೆಗೆ ಅಂಟಿಸ್ಕೊಂಡಿದಾಳೆ. ಮತ್ತೆ ಅತ್ತೆ ಊಟದ್ದು?

ಮೂಡಣ:

ಎಲ್ರೂ ಪಶ್ಚಿಮ ಪಶ್ಚಿಮ ಅಂತೀರ, ಅದಕ್ಕೇ ಪಶ್ಚಿಮದಲ್ಲಿ ಶಾಂತಿ ಇಲ್ಲ. "ಗದ್ದಲ ಇಲ್ಲದ ಬೀಚು" ಅಂತ ಪ್ರಶ್ನೆ ಹಾಕಿರೋರಿಗೆ ಎಲಫೊನೀಸಿ ಹೇಳೋದು ಎಂಥಾ ನ್ಯಾಯ? ಪೂರ್ವದ ತುದೀಲಿ ಕಾತೋ ಝಾಕ್ರೋಸ್‌ಗೆ ಹೋಗಿ ನೋಡಿ. ಒಂದ್ ಸಾಲು ಹೋಟ್ಲು, ಮುಂದೆ ಬೆಣಚುಕಲ್ಲಿನ ಬೀಚು, ಹಿಂದೆ ಮಿನೋವನ್ (ಕ್ರೀಟಿನ ಕಂಚಿನ ಯುಗದ ನಾಗರಿಕತೆ) ಅರಮನೆ. ಕ್ನೋಸೋಸ್, ಫೈಸ್ತೋಸ್, ಮಾಲಿಯಾ ಆದ್ಮೇಲೆ ನಾಲ್ಕನೇದು ಇದು, 1960ರ ದಶಕದಲ್ಲಿ ನಿಕೊಲಾವೋಸ್ ಪ್ಲಾತೋನ್ ಅನ್ನೋ ಗ್ರೀಕ್ ಪುರಾತತ್ವಜ್ಞ ಅಗೆದು ತೆಗೆದಿದ್ದು. ಕ್ನೋಸೋಸ್‌ನಲ್ಲಿ ಕಾಂಕ್ರೀಟ್ ಹಾಕಿ ಬಣ್ಣ ಬಳಿದಿದಾರೆ, ಇಲ್ಲಿ ಬರೀ ಅಡಿಪಾಯ, ನೀವೇ ಊಹಿಸ್ಕೋಬೇಕು. ಮೇಲಿನ ಝಾಕ್ರೋಸ್ ಹಳ್ಳಿಯಿಂದ ಕೆಳಗಿನ ಬೀಚಿಗೆ "ಸತ್ತವರ ಕಣಿವೆ" ಅಂತ ನಡಿಗೆ ದಾರಿ ಇದೆ, ಹೆಸರಿಗೆ ಹೆದರ್ಬೇಡಿ, ಮಿನೋವನ್ನರು ಆ ಗುಹೆಗಳಲ್ಲಿ ಹೆಣ ಇಡ್ತಿದ್ರು ಅದಕ್ಕೆ. ಎರಡು ಮೂರು ಗಂಟೆ, ಸಮರಿಯಾದ ಜಾತ್ರೆ ಇಲ್ಲ. ಅಲ್ಲಿಂದ ದಕ್ಷಿಣಕ್ಕೆ ಕ್ಸೆರೋಕಾಂಬೋಸ್, ಸಣ್ಣ ಸಣ್ಣ ಮರಳ ದಂಡೆಗಳು ಒಂದರ ಪಕ್ಕ ಒಂದು, ಒಂದರಲ್ಲಿ ಜನ ಇದ್ರೆ ಇನ್ನೊಂದಕ್ಕೆ ಹೋಗೋದು. ರಾತ್ರಿ ಮಾಡೋಕೆ ಏನೂ ಇಲ್ಲ, ಅದೇ ಬೇಕಾಗಿರೋದಲ್ವಾ ನಿಮಗೆ.

ಬಿಸಿಲುಮಳೆ:

ಮೂಡಣ ಸರ್ ಹೇಳಿದ್ದು ತಪ್ಪಲ್ಲ, ಪೂರ್ವ ಚೆನ್ನಾಗಿದೆ, ಬೆಟ್ಟ ಮಾತ್ರ ಪಶ್ಚಿಮದ್ದೇ. ಎರಡರಲ್ಲಿ ಒಂದು ಮಾಡಿ, ಎರಡೂ ಬೇಡ, 9 ದಿನಕ್ಕೆ ನನ್ ಮಾತು ಅಷ್ಟೇ.

ಎಲಫೊನೀಸಿಗೆ ಹೋಗ್ಲೇಬೇಕಂದ್ರೆ ಹಿಂದಿನ ರಾತ್ರಿ ಅಲ್ಲೇ ಹತ್ತಿರದ ಹಳ್ಳೀಲಿ ಉಳ್ಕೊಂಡು ಬೆಳಿಗ್ಗೆ ಎಂಟರೊಳಗೆ ಬೀಚಲ್ಲಿರಿ. ಹತ್ತೂವರೆ ಹನ್ನೊಂದಕ್ಕೆ ಹಾನ್ಯಾ ಕಡೆಯಿಂದ ಬಸ್ಸುಗಳು ಬರಕ್ಕೆ ಶುರು, ಆಮೇಲೆ ಮರಳು ಕಾಣಲ್ಲ ಟವಲ್ ಕಾಣುತ್ತೆ. ಗುಲಾಬಿ ಬಣ್ಣ ಚಿಪ್ಪಿನ ಪುಡಿಯಿಂದ ಬಂದಿದ್ದು, ನೀರಿನ ಅಂಚಲ್ಲಿ ಗೆರೆ ಥರ ಕಾಣುತ್ತೆ, ಫೋಟೋದಲ್ಲಿರೋ ಅಷ್ಟು ಗುಲಾಬಿ ಅಲ್ಲ ಅಂತ ಮಗಳಿಗೆ ಮೊದ್ಲೇ ಹೇಳಿಡಿ. ಮರಳು ಬಾಟ್ಲಿಗೆ ತುಂಬ್ಕೊಂಡು ಬರಂಗಿಲ್ಲ, ರಕ್ಷಿತ ಜಾಗ. ಬಸ್ಸು ಬಂದ ತಕ್ಷಣ ನೀವು ಪೂರ್ವಕ್ಕೆ ದಂಡೆ ದಾರೀಲಿ ನಡ್ಕೊಂಡು ಕೇದ್ರೋದಾಸೋಸ್‌ಗೆ ಹೋಗ್ಬಿಡಿ. ಜುನಿಪರ್ ಮರಗಳು ಮರಳಿಗೇ ಬಾಗಿ ನೆರಳು ಮಾಡಿವೆ, ಅಂಗಡಿ ಇಲ್ಲ, ಕುರ್ಚಿ ಇಲ್ಲ, ಟಾಯ್ಲೆಟ್ಟೂ ಇಲ್ಲ, ನೀರು ತಗೊಂಡು ಹೋಗಿ ಕಸ ವಾಪಸ್ ತನ್ನಿ.

ಹೋಗೋ ದಾರೀಲಿ ತೊಪೋಲಿಯಾ ಹತ್ರ ಸುರಂಗ ಒಂದೇ ಕಾರಿನಗಲ, ಸಿಗ್ನಲ್ ಇದೆ ಕಾಯಿರಿ. ಸಂಜೆ ಹೊತ್ತಿಗೆ ಫಲಾಸರ್ನಾ. ಅಲ್ಲಿ ಬೀಚಿನ ಉತ್ತರಕ್ಕೆ ಹಳೇ ಬಂದರು ಇದೆ, ಸಮುದ್ರದಲ್ಲಿ ಅಲ್ಲ, ಒಣ ನೆಲದ ಮೇಲೆ! ಕ್ರಿ.ಶ. 365ರ ಭೂಕಂಪದಲ್ಲಿ ದ್ವೀಪದ ಪಶ್ಚಿಮ ಭಾಗ ಮೇಲೆದ್ದು ಬಿಡ್ತು, ಇಲ್ಲಿ ಆರು ಮೀಟರಿಗೂ ಜಾಸ್ತಿ. ಹಡಗು ನಿಲ್ತಿದ್ದ ಕಟ್ಟೆ ಪಕ್ಕ ಈಗ ಮೇಕೆ ಮೇಯ್ತಿರ್ತವೆ. ನಮಗೆ ಇಡೀ ಟ್ರಿಪ್ಪಲ್ಲಿ ಮರೆಯೋಕಾಗದೆ ಇರೋದು ಅದೇ, ಬೀಚ್ ಅಲ್ಲ.

ಸಾವಕಾಶ:

ಊಟದ್ದು ನಾ ಹೇಳ್ತೀನ್ರಿ, ನಮ್ಮ ಮನ್ಯಾಗೂ ಎಲ್ಲಾರೂ ಸಸ್ಯಾಹಾರಿನ. ಕ್ರೀಟಿನ್ಯಾಗ ಉಪವಾಸ ಬೀಳೂದಿಲ್ಲ, ಚಿಂತಿ ಬಿಡ್ರಿ. ಅಲ್ಲೇ ಚರ್ಚಿನ ಉಪವಾಸದ ದಿನಾ ಭಾಳ ಅದಾವು, ಹಂಗಾಗಿ ಮಾಂಸ ಇಲ್ಲದ ಅಡಗಿ ಅವ್ರಿಗೆ ಹೊಸಾದಲ್ಲ. "ಹೋರಿಸ್ ಕ್ರೇಅಸ್" ಅನ್ರಿ, ಮಾಂಸ ಬ್ಯಾಡ ಅಂತ ಅರ್ಥ. ಮೀನೂ ಬ್ಯಾಡ ಅಂತ ಬ್ಯಾರೆ ಹೇಳ್ಬೇಕ ಮತ್ತ. ಹೋರ್ತಾ ಅಂದ್ರ ಬೆಟ್ಟದ ಸೊಪ್ಪು ಕುದಿಸಿ ಆಲಿವ್ ಎಣ್ಣಿ ನಿಂಬಿಹಣ್ಣು ಹಿಂಡಿ ಕೊಡ್ತಾರ, ನಮ್ಮತ್ತಿ ದಿನಾ ಅದನ್ನ ತಿಂದ್ರು. ಡಾಕೋಸ್ ಅಂದ್ರ ಬಾರ್ಲಿ ಒಣ ರೊಟ್ಟಿ ಮ್ಯಾಲ ಟೊಮ್ಯಾಟೊ, ಮಿಜಿಥ್ರಾ ಗಿಣ್ಣು. ಫಾವಾ ಅಂದ್ರ ಬ್ಯಾಳಿ ಅರದ್ದು. ಗೆಮಿಸ್ತಾ ಅಂದ್ರ ಟೊಮ್ಯಾಟೊ ದೊಣಮೆಣಸಿನಕಾಯಿ ಒಳಗ ಅನ್ನ ತುಂಬಿದ್ದು, ಅದರಾಗ ಕೆಲವೊಮ್ಮೆ ಖೀಮಾ ಹಾಕಿರ್ತಾರ, ಕೇಳಿ ತಗೊರಿ. ಸ್ಫಾಕಿಯಾಕ್ಕ ಹೋದ್ರ ಅಲ್ಲಿನ ಪೀತಾ ಬಿಡಬ್ಯಾಡ್ರಿ, ತೆಳ್ಳಗ ಲಟ್ಟಿಸಿ ಒಳಗ ಗಿಣ್ಣು ಇಟ್ಟು ಬೇಯಿಸಿ ಮ್ಯಾಲ ಜೇನತುಪ್ಪ ಸುರೀತಾರ. ನಮ್ಮತ್ತಿ ಹೋಳಿಗಿ ಇದು ಅಂದ್ಬಿಟ್ರು! ಮೆನುದಾಗ ಹೊಹ್ಲೀ ಅಂತ ಕಂಡ್ರ ಮುಂದ ಹೋಗ್ರಿ, ಅದು ಬಸವನಹುಳ.

ಊಟ ಮುಗಿದ ಮ್ಯಾಲ ನೀವು ಕೇಳದಿದ್ರೂ ಸಣ್ಣ ಬಾಟ್ಲಿ ರಾಕಿ ಅನ್ನೂ ಸಾರಾಯಿ ತಂದಿಡ್ತಾರ, ಹಣ್ಣೋ ಸಿಹಿಯೋ ಏನರ ಜೊತಿ ಇರ್ತೈತಿ. ಪುಕ್ಕಟೆರಿ. ಡ್ರೈವರ್ ಸಾಹೇಬ್ರು ಮಾತ್ರ ಅದನ್ನ ನೋಡಿ ಕೈ ಮುಗೀಬೇಕ್ರಿ, ರಾತ್ರಿ ಆ ತಿರುವಿನ್ಯಾಗ ಕುರಿ ಮಲಗಿರ್ತಾವ ರಸ್ತೆ ಮ್ಯಾಲ.

ಹಳ್ಳ್ಯಾಗ ರೊಕ್ಕ ಕೈಯಾಗ ಇಟ್ಕೊರಿ, ಎಲ್ಲಾ ಕಡೆ ಕಾರ್ಡ್ ನಡೀತದ ಅಂತ ನಂಬಬ್ಯಾಡ್ರಿ. ಪೆಟ್ರೋಲ್ ಅರ್ಧ ಆದ ಕೂಡ್ಲೆ ತುಂಬಿಸ್ರಿ, ಬೆಟ್ಟದಾಗ ಬಂಕು ಕಡಿಮಿ, ಆಯಿತವಾರ ಬಾಗ್ಲಾ ಹಾಕಿರ್ತಾರ. ಆನೋಪೊಲಿ ಅಂತ ಒಂದ್ ಹಳ್ಳಿ ಐತಿ ಸ್ಫಾಕಿಯಾದ ಮ್ಯಾಲ, ಅಲ್ಲೇ ಎರಡ್ ರಾತ್ರಿ ಇದ್ವಿ, ಚೌಕದಾಗ ದಸ್ಕಲೋಯಾನ್ನಿಸ್ ಅನ್ನಾವ್ರ ಪುತ್ಥಳಿ, 1770ರಾಗ ತುರ್ಕರ ವಿರುದ್ಧ ಎದ್ದಾವ್ರು. ಬೀಚಿಗಿಂತ ಆ ಚೌಕದಾಗ ಮುದುಕರ ಜೋಡಿ ಕಾಫಿ ಕುಡದದ್ದು ನನಗ ಭಾಳ ಸೇರ್ತು.

ಬೆಟ್ಟದಹುಚ್ಚ:

ಆನೋಪೊಲಿ ಅಂದಿದ್ದಕ್ಕೆ ನೆನಪಾಯ್ತು, ಅಲ್ಲಿಂದ ಸ್ವಲ್ಪ ಮುಂದೆ ಅರಾದೆನಾ ಕಣಿವೆ ಮೇಲೆ ಒಂದು ಕಬ್ಬಿಣದ ಸೇತುವೆ ಇದೆ, 1986ರದ್ದು, ಕೆಳಗೆ 138 ಮೀಟರ್ ಆಳ. ಹಾಸಿರೋದು ಮರದ ಹಲಗೆ. ಕಾರು ಹತ್ತಿದ ತಕ್ಷಣ ಗಡಗಡಗಡ ಅಂತ ಸದ್ದು ಬರುತ್ತಲ್ಲ, ನನ್ ಜೊತೆ ಇದ್ದೋನು ಸೀಟ್ ಹಿಡ್ಕೊಂಡು ಕಣ್ಮುಚ್ಚಿದ್ದ. ಏನೂ ಆಗಲ್ಲ. ಆಚೆ ದಡದಲ್ಲಿ ಅರಾದೆನಾ ಅನ್ನೋ ಪಾಳುಬಿದ್ದ ಹಳ್ಳಿ, ಮನೆತನಗಳ ಹಗೆಯಿಂದ ಖಾಲಿಯಾಗಿದ್ದು. ಸ್ಫಾಕಿಯಾ ಕಡೆ ರೋಡ್ ಬೋರ್ಡುಗಳಲ್ಲಿ ಗುಂಡಿನ ತೂತು ಇರುತ್ತೆ, ಯಾರೂ ನಿಮಗೆ ಹೊಡ್ಯಲ್ಲ, ಬೋರ್ಡಿಗೆ ಹೊಡೀತಾರೆ ಅಷ್ಟೇ 😅

ಅರ್ಧಕ್ಲಚ್:

ಎಲ್ರಿಗೂ ದೊಡ್ಡ ಥ್ಯಾಂಕ್ಸ್. ರಾತ್ರಿ ಕೂತು ಎಲ್ಲಾ ಬದಲಾಯಿಸಿದ್ವಿ. ಮೊದಲ ರಾತ್ರಿ ಇರಾಕ್ಲಿಯೋ, ಬೆಳಿಗ್ಗೆ ಕ್ನೋಸೋಸ್, ಆಮೇಲೆ ನಾಲ್ಕು ರಾತ್ರಿ ಎಲಫೊನೀಸಿ-ಫಲಾಸರ್ನಾ ಕಡೆ ಒಂದೇ ಹಳ್ಳೀಲಿ, ಮೂರು ರಾತ್ರಿ ಆನೋಪೊಲಿ, ಕೊನೇ ರಾತ್ರಿ ಹಾನ್ಯಾ. ಬಾಲೋಸ್ ಕಟ್, ಸಮರಿಯಾ ಬದಲು ಇಂಬ್ರೋಸ್, ನಾನು ಮಗಳು ಇಳೀತೀವಿ, ಹೆಂಡ್ತಿ ಅತ್ತೇನ ಕೂರಿಸ್ಕೊಂಡು ಕೆಳಗೆ ಕಾರ್ ತರ್ತಾಳೆ (ಗೇರ್ ಅವಳಿಗೇ ಚೆನ್ನಾಗಿ ಬರೋದು). ಮೂಡಣ ಸರ್, ಪೂರ್ವ ಮುಂದಿನ ಸಲ, ಪ್ರಾಮಿಸ್.

ಲೂತ್ರೋ ಅನ್ನೋ ಊರಿಗೆ ಕಾರು ಹೋಗಲ್ಲ ಅಂತ ಓದಿದೆ. ಅತ್ತೇನ ಕರ್ಕೊಂಡು ಹೋಗಬಹುದಾ?

ಬೆಟ್ಟದಹುಚ್ಚ:

ಆರಾಮಾಗಿ. ಹೋರಾ ಸ್ಫಾಕಿಯೋನ್‌ನಲ್ಲಿ ಕಾರ್ ನಿಲ್ಸಿ ದೋಣಿ ಹತ್ತಿ, ಇಪ್ಪತ್ತು ನಿಮಿಷದ ಮಾತು. ಬಿಳಿ ಮನೆ, ನೀಲಿ ಕಿಟಕಿ, ಒಂದು ಕೊಲ್ಲಿ, ಅಷ್ಟೇ ಊರು. ನಡ್ಕೊಂಡು ಹೋಗೋ ದಾರೀನೂ ಇದೆ ಆದ್ರೆ ಬಂಡೆ ಅಂಚಲ್ಲಿ, ಅವ್ರಿಗೆ ಬೇಡ. ಮಧ್ಯದಲ್ಲಿ ಗ್ಲಿಕಾ ನೆರಾ ಅಂತ ಬೀಚ್ ಬರುತ್ತೆ, ಸಿಹಿನೀರು ಅಂತಾನೇ ಅದರ ಹೆಸರು. ಬೆಟ್ಟದೊಳಗಿನ ನೀರು ಸಮುದ್ರದ ಅಂಚಲ್ಲೇ ಬೆಣಚುಕಲ್ಲಿನ ಅಡಿ ಜಿನುಗುತ್ತೆ. ಕೈಯಲ್ಲಿ ಕಲ್ಲು ಕೆದಕಿ ಗುಂಡಿ ಮಾಡಿದ್ರೆ ಸ್ವಲ್ಪ ಹೊತ್ತಲ್ಲಿ ತಣ್ಣಗೆ ಸಿಹಿನೀರು ತುಂಬ್ಕೊಳ್ಳುತ್ತೆ, ಎರಡು ಹೆಜ್ಜೆ ಆಚೆ ಉಪ್ಪು ಸಮುದ್ರ. ಸೀಸನ್ನಲ್ಲಿ ಅಲ್ಲಿಗೂ ಸಣ್ಣ ದೋಣಿ ಬಿಡ್ತಾರೆ.

ಅರ್ಧಕ್ಲಚ್:

ಇದನ್ನ ಜೋರಾಗಿ ಓದಿ ಹೇಳ್ದೆ. ಅತ್ತೆ ಎದ್ದು ಹೋಗಿ ಒಂದ್ ಸ್ಟೀಲ್ ಲೋಟ ತಂದು ಸೂಟ್‌ಕೇಸಲ್ಲಿ ಇಟ್ರು. ಹೊರಡೋಕೆ ಇನ್ನೂ ಎರಡು ತಿಂಗಳಿದೆ.